ಅನಾಥ ರೈಲು: ಚದುರಿದ ಒಡಹುಟ್ಟಿದವರು

1854ರಿಂದ 1929ರವರೆಗೆ ಅಮೆರಿಕದ ನ್ಯೂಯಾರ್ಕ್‌ನಂಥ ಪೂರ್ವದ ನಗರಗಳಿಂದ ಸುಮಾರು 2 ಲಕ್ಷ ಮಕ್ಕಳನ್ನು ರೈಲು ಹತ್ತಿಸಿ ಒಳನಾಡಿನ ಊರುಗಳ ಮನೆಗಳಲ್ಲಿ ಬೆಳೆಯಲೆಂದು ಕಳುಹಿಸಲಾಯಿತು. ಚಾರ್ಲ್ಸ್ ಲೋರಿಂಗ್ ಬ್ರೇಸ್ 1853ರಲ್ಲಿ ಕಟ್ಟಿದ ಚಿಲ್ಡ್ರನ್ಸ್ ಏಡ್ ಸೊಸೈಟಿ ಈ ‘ಅನಾಥ ರೈಲು’ಗಳಿಗೆ ನಾಂದಿ ಹಾಡಿತು. ಎಲ್ಲರೂ ತಬ್ಬಲಿಗಳಲ್ಲ, ಬಡತನಕ್ಕೆ ಸೋತ ಹೆತ್ತವರೇ ಒಪ್ಪಿಸಿದ ಮಕ್ಕಳೂ ಇದ್ದರು.

ಊರು ತಲುಪಿದ ಮೇಲೆ ಮಕ್ಕಳನ್ನು ಚರ್ಚಿನಲ್ಲೋ ನಾಟಕಮಂದಿರದಲ್ಲೋ ಸಾಲಾಗಿ ನಿಲ್ಲಿಸುತ್ತಿದ್ದರು. ಜನ ನೋಡಿ ಆರಿಸಿಕೊಳ್ಳುತ್ತಿದ್ದರು. ಕರುಳು ಹಿಂಡುವ ಗಳಿಗೆ ಇದೇ. ಹೊಲದ ದುಡಿಮೆಗೆ ಗಟ್ಟಿಮುಟ್ಟಾದ ಅಣ್ಣ ಬೇಕು, ಎಳೆಯ ತಮ್ಮ ಬೇಡ. ಮುದ್ದಾದ ಕೂಸು ಬೇಕು, ಅದನ್ನು ಎತ್ತಿ ಆಡಿಸಿದ ಅಕ್ಕ ಬೇಡ. ಒಡಹುಟ್ಟಿದವರನ್ನು ಒಟ್ಟಿಗೇ ಕರೆದೊಯ್ದ ಮನೆಗಳೂ ಇದ್ದವು. ಆದರೆ ಅನೇಕರು ಬೇರೆ ಬೇರೆ ಊರುಗಳಲ್ಲಿ, ಕೆಲವೊಮ್ಮೆ ಬೇರೆ ಹೆಸರುಗಳಲ್ಲಿ ಬೆಳೆದರು. ಕೆಲವರಿಗೆ ಅಣ್ಣತಮ್ಮಂದಿರು ಸಿಕ್ಕಿದ್ದು ಮುಪ್ಪಿನಲ್ಲಿ.