ಹೊಸ ಚಿಗುರಿನ ಹೂವು: ಕುಳ್ಳ ಕ್ರೇಪ್ ಮರ್ಟಲ್

ಪಶ್ಚಿಮ ಘಟ್ಟದ ಕಾಡುಗಳ ನಂದಿ ಮರವೂ, ರಸ್ತೆಬದಿಯಲ್ಲಿ ನೇರಳೆ ಗೊಂಚಲು ಹೊತ್ತು ನಿಲ್ಲುವ ಹೊಳೆದಾಸವಾಳವೂ ಲ್ಯಾಗರ್‌ಸ್ಟ್ರೋಮಿಯ ಎಂಬ ಒಂದೇ ಕುಲಕ್ಕೆ ಸೇರಿದವು. ನರ್ಸರಿಗಳಲ್ಲಿ ಕ್ರೇಪ್ ಮರ್ಟಲ್ ಎಂದು ಮಾರುವ ಲ್ಯಾಗರ್‌ಸ್ಟ್ರೋಮಿಯ ಇಂಡಿಕ ಇವುಗಳ ದಾಯಾದಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ ಈ ಕುಲಕ್ಕೆ ಹೆಸರಿಡುವಾಗ, ತನಗೆ ಪೂರ್ವದೇಶಗಳ ಸಸ್ಯಗಳನ್ನು ಒದಗಿಸುತ್ತಿದ್ದ ವರ್ತಕ ಮ್ಯಾಗ್ನಸ್ ಲಾಗರ್‌ಸ್ಟ್ರೋಮನನ್ನು ನೆನೆದನು. ಶತಮಾನಗಳಿಂದ ಕ್ರೇಪ್ ಮರ್ಟಲನ್ನು ಬೆಳೆಸುತ್ತಿರುವ ಚೀನಾದಲ್ಲಿ, ಹೂವಿನ ದೀರ್ಘಾವಧಿಯನ್ನು ಮೆಚ್ಚಿ, ‘ನೂರು ದಿನಗಳ ಕೆಂಪು’ ಎಂಬ ಅರ್ಥದ ಹೆಸರೂ ಇದಕ್ಕಿದೆ.

ಸಾಮಾನ್ಯ ತಳಿಗಳು ಐದಾರು ಮೀಟರ್ ಎತ್ತರದ ಸಣ್ಣ ಮರಗಳಾದರೆ, ಕುಳ್ಳ ತಳಿಗಳು ಒಂದು ಮೀಟರಿನ ಆಸುಪಾಸಿನಲ್ಲಿಯೇ ಪೊದೆಯಾಗಿ ಹರಡುವುದರಿಂದ ಚಿಕ್ಕ ಅಂಗಳಕ್ಕೂ ತಾರಸಿಯ ದೊಡ್ಡ ಕುಂಡಕ್ಕೂ ಒಗ್ಗುತ್ತವೆ. ಹೂವಿನ ಆರು ದಳಗಳು ಹಿಂಡಿ ಒಣಗಿಸಿದ ತೆಳುಬಟ್ಟೆಯಂತೆ ಸುಕ್ಕುಗಟ್ಟಿದ್ದು, ಒಂದೊಂದೂ ಸಣ್ಣ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ. ನಡುವಿನ ಹಳದಿ ಕೇಸರಗಳು, ಅಂದರೆ ಪರಾಗ ಹೊರುವ ಗಂಡು ಅಂಗಗಳು, ಮಕರಂದವಿಲ್ಲದ ಈ ಹೂವಿಗೆ ಬರುವ ಜೇನ್ನೊಣಗಳಿಗೆ ಆಹಾರವಾಗುತ್ತವೆ. ಅವು ಅಲ್ಲಿ ಮೇಯುತ್ತಿರುವಾಗ ಹೊರಸುತ್ತಿನ ಆರು ಉದ್ದನೆಯ ಬಾಗಿದ ಕೇಸರಗಳು ಅವುಗಳ ಮೈಗೆ ಪರಾಗ ಸವರಿ ಪರಾಗಸ್ಪರ್ಶಕ್ಕೆ ನೆರವಾಗುತ್ತವೆ.

ಇದು ಪರ್ಣಪಾತಿ ಸಸ್ಯ, ಅಂದರೆ ವರ್ಷಕ್ಕೊಮ್ಮೆ ಎಲೆಗಳನ್ನು ಉದುರಿಸಿ ಕೆಲಕಾಲ ಬೆಳವಣಿಗೆ ನಿಲ್ಲಿಸುವ ಗಿಡ. ಚಳಿಗಾಲದಲ್ಲಿ ಬೋಳಾದ ರೆಂಬೆಗಳನ್ನು ಕಂಡು ಗಿಡ ಸತ್ತಿತೆಂದು ಕಿತ್ತೆಸೆಯುವುದೂ, ಬದುಕಿಸಲೆಂದು ದಿನವೂ ನೀರು ಸುರಿದು ಬೇರು ಕೊಳೆಯುವಂತೆ ಮಾಡುವುದೂ ತಪ್ಪು. ತೊಗಟೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ರೆಂಬೆಗೆ ಜೀವವಿದೆ ಎಂದರ್ಥ. ಹೂವು ಆಯಾ ವರ್ಷದ ಹೊಸ ಚಿಗುರಿನ ತುದಿಯಲ್ಲಿಯೇ ಬರುವುದರಿಂದ, ಚಳಿಗಾಲದ ಕೊನೆಯಲ್ಲಿ, ಚಿಗುರೊಡೆಯುವ ಮುನ್ನ, ಒಣಗಿದ ಮತ್ತು ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಹಗುರವಾಗಿ ಸವರಬೇಕು. ಚಿಗುರು ಬಲಿತ ಮೇಲೆ ಕತ್ತರಿಸಿದರೆ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ.

ಗಿಡಕ್ಕೆ ದಿನಕ್ಕೆ ಕನಿಷ್ಠ 6 ಗಂಟೆಗಳ ನೇರ ಬಿಸಿಲು ಮತ್ತು ನೀರು ನಿಲ್ಲದ ಮಣ್ಣು ಅಗತ್ಯ. ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆ ಸೊಂಪಾಗಿ ಹೂವು ಕಡಿಮೆಯಾಗುತ್ತದೆ. ನೆರಳು ಮತ್ತು ಗಾಳಿಯಾಡದ ಇಕ್ಕಟ್ಟಿನಲ್ಲಿ ಎಲೆಗಳ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿ ರೋಗ ಬರುತ್ತದೆ. ಬಾಡಿದ ಗೊಂಚಲುಗಳನ್ನು ಬೀಜ ಕಟ್ಟುವ ಮುನ್ನ ಕತ್ತರಿಸಿದರೆ, ಬೀಜಕ್ಕೆ ಹೋಗಬೇಕಾದ ಶಕ್ತಿ ಮತ್ತೆ ಚಿಗುರಿಗೆ ಸಂದು, ಅದೇ ಋತುವಿನಲ್ಲಿ ಇನ್ನೊಂದು ಸುತ್ತು ಹೂವು ಅರಳುತ್ತದೆ.