ಬೆಂಕಿ ಆರಿದ ಮೇಲಿನ ಬರಹ

ಅಗ್ನಿಶಾಮಕ ದಳವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕೆಂಪು ವಾಹನ, ಗಂಟೆಯ ಸದ್ದು, ಏಣಿ, ನೀರಿನ ಕೊಳವೆ. ಆ ದಳದವರು ಠಾಣೆಗೆ ಹಿಂದಿರುಗಿ, ಕೈಮುಖದ ಮಸಿ ತೊಳೆದುಕೊಂಡು, ಮೇಜಿನ ಮುಂದೆ ಕುಳಿತು ವರದಿ ಬರೆಯುವ ದೃಶ್ಯವನ್ನು ಯಾರೂ ಚಿತ್ರಿಸಿಕೊಳ್ಳುವುದಿಲ್ಲ. ಅದರಲ್ಲಿ ಸಾಹಸವಿಲ್ಲ, ನೋಡಲು ಜನ ಸೇರುವುದೂ ಇಲ್ಲ. ಆದರೆ ಉರಿದುಹೋದ ಮನೆಗೆ ನೀರಿನಿಂದ ಎಷ್ಟು ಉಪಕಾರವೋ, ಇನ್ನೂ ಉರಿಯದಿರುವ ಮನೆಗಳಿಗೆ ಆ ಬರಹದಿಂದ ಅಷ್ಟೇ ಉಪಕಾರವುಂಟೆಂದು ತೋರಿಸುವುದು ಈ ಲೇಖನದ ಉದ್ದೇಶ.

ಮೈಸೂರಿನವರಿಗೆ ಬೆಂಕಿಯ ಪಾಠ ಹೊಸದಲ್ಲ. ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಗ ರೀಜೆಂಟರಾಗಿದ್ದ ವಾಣೀವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸವನ್ನು ಒಪ್ಪಿಸಿದರು; ಅದು ೧೯೧೨ರಲ್ಲಿ ಮುಗಿಯಿತು. ಇಂದು ಕಲ್ಯಾಣ ಮಂಟಪದಲ್ಲಿ ನಿಂತು ತಲೆಯೆತ್ತಿ ನೋಡುವ ಪ್ರವಾಸಿಗರು ಬಣ್ಣದ ಗಾಜಿಗೆ ಬೆರಗಾಗುತ್ತಾರೆ. ಅದನ್ನು ಹೊತ್ತಿರುವ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋ ನಗರದಿಂದ ಬಂದವು. ಮರ ಉರಿದ ಜಾಗಕ್ಕೆ ಕಲ್ಲೂ ಕಬ್ಬಿಣವೂ ಬಂದುದನ್ನು ಕಂಡರೆ, ಆ ಬೆಂಕಿಯ ಪಾಠ ಕಟ್ಟಡದಲ್ಲಿಯೇ ಬರೆಯಲ್ಪಟ್ಟಿತೆನ್ನಬಹುದು. ಅರಮನೆಯೊಂದು ಸುಟ್ಟರೆ ಪಾಠವನ್ನು ಮರೆಯಲು ಯಾರೂ ಬಿಡುವುದಿಲ್ಲ. ಗುಡಿಸಲೋ ಗೂಡಂಗಡಿಯೋ ಸುಟ್ಟರೆ ಅದರ ಪಾಠ ಉಳಿಯಬೇಕಾದುದು ಠಾಣೆಯ ಕಾಗದದಲ್ಲಿ ಮಾತ್ರ.

ಇನ್ನೊಂದು ಬೆಂಕಿ ನಮ್ಮ ತಂದೆತಾಯಿಗಳ ನೆನಪಿನಲ್ಲಿರುವಂಥದು. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಎದ್ದ ಬೆಂಕಿಗೆ ೬೨ ಮಂದಿ ಬಲಿಯಾದರು. ಆಗ ಹೇಳಲಾದ ಕಾರಣಗಳನ್ನು ಒಂದೊಂದಾಗಿ ಗಮನಿಸಬೇಕು. ವಿದ್ಯುತ್ ತಂತಿಗಳು ಸಡಿಲವಾಗಿದ್ದವು. ಗಾಳಿಕಿಂಡಿಗಳಿರಲಿಲ್ಲ. ಗೋಡೆಗಳಿಗೆ ಗೋಣಿತಾಟು ಹೊದಿಸಲಾಗಿತ್ತು. ದೊಡ್ಡ ದೊಡ್ಡ ದೀಪಗಳಿಂದ ಒಳಗಿನ ಶಾಖ ಏರಿತ್ತು. ಬೆಂಕಿ ಆರಿಸಲು ಇದ್ದುದು ಬಕೆಟ್ಟುಗಳಲ್ಲಿ ನೀರು ಮತ್ತು ಮರಳು. ಇವುಗಳಲ್ಲಿ ಬೆಂಕಿ ಹತ್ತಿದ್ದೇಕೆಂಬ ಪ್ರಶ್ನೆಗೆ ನೇರವಾದ ಉತ್ತರ ಮೊದಲನೆಯದು ಮಾತ್ರ. ಉಳಿದವೆಲ್ಲ ಬೆಂಕಿ ಹರಡಿದ್ದೇಕೆ, ಜನ ಹೊರಬರಲಾರದೆ ಹೋದದ್ದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ. ಹತ್ತುವುದು ಬೇರೆ, ಹರಡುವುದು ಬೇರೆ, ಕೊಲ್ಲುವುದು ಬೇರೆ. ಈ ಮೂರನ್ನೂ ವಿಂಗಡಿಸಿ ಬರೆಯದ ವರದಿ ಅಪೂರ್ಣವೇ ಸರಿ. 'ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ, ೬೨ ಸಾವು' ಎಂದು ಬರೆದು ಕೈತೊಳೆದುಕೊಂಡಿದ್ದರೆ ಗೋಣಿತಾಟಿನ ಸುದ್ದಿಯೇ ಯಾರಿಗೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ೨೦೧೦ರ ಫೆಬ್ರವರಿ ೨೩ರಂದು ಒಂಬತ್ತು ಮಂದಿ ಸತ್ತಾಗಲೂ ಜನರನ್ನು ಅಟ್ಟಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಕಿಟಕಿಯಿಂದ ಹಾರಿ ಸತ್ತವರೂ ಉಂಟು.

ಈ 'ಶಾರ್ಟ್ ಸರ್ಕ್ಯೂಟ್' ಎಂಬ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪತ್ರಿಕೆಯಲ್ಲಿ ಬೆಂಕಿಯ ಸುದ್ದಿ ಬಂದಾಗಲೆಲ್ಲ ಅದು ತಪ್ಪದೆ ಬರುತ್ತದೆ. ಹಳ್ಳಿಗಳಲ್ಲಿ ಹಿಂದೆ ಎಲ್ಲ ಕಾಯಿಲೆಗೂ 'ಗಾಳಿ ಸೋಕಿದೆ' ಎನ್ನುತ್ತಿದ್ದಂತೆ. ತಂತಿಯ ದೋಷದಿಂದ ಬೆಂಕಿ ಏಳುವುದು ನಿಜ. ಆದರೆ ಬೇರೆ ಕಾರಣದಿಂದ ಎದ್ದ ಬೆಂಕಿ ತಂತಿಯ ಹೊದಿಕೆಯನ್ನು ಸುಟ್ಟರೆ, ಆಗಲೂ ಎರಡು ತಂತಿಗಳು ಒಂದಕ್ಕೊಂದು ತಗುಲಿ ಕಿಡಿ ಹಾರುತ್ತದೆ. ಅಂದರೆ ಶಾರ್ಟ್ ಸರ್ಕ್ಯೂಟ್ ಬೆಂಕಿಗೆ ತಾಯಿಯೂ ಆಗಬಹುದು, ಮಗಳೂ ಆಗಬಹುದು. ತಾಮ್ರ ಕರಗಲು ಸುಮಾರು ೧೦೮೫ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕಿಡಿಯಿಂದ ಕರಗಿದ ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ಸಣ್ಣ ಗುಂಡುಮಣಿ ಕಟ್ಟಿರುತ್ತದೆ. ಸುತ್ತಲಿನ ಉರಿಯಿಂದ ಕರಗಿದ ತಂತಿ ಉದ್ದಕ್ಕೂ ಇಳಿಬಿದ್ದು ತೆಳ್ಳಗಾಗಿರುತ್ತದೆ. ಆ ಮಣಿಯೂ ಹೇಳುವುದು ಇಷ್ಟೆ: ಆ ಹೊತ್ತಿನಲ್ಲಿ ತಂತಿಯಲ್ಲಿ ವಿದ್ಯುತ್ ಹರಿಯುತ್ತಿತ್ತು. ಬೆಂಕಿ ಎಲ್ಲಿಂದ ಮೊದಲಾಯಿತೆಂಬುದಕ್ಕೆ ಗೋಡೆಯ ಮಸಿಯನ್ನೂ ನೋಡಬೇಕು. ಅದು ಅನೇಕ ವೇಳೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಹರಡಿ, ಉರಿ ಎದ್ದ ಸ್ಥಳವನ್ನು ತೋರಿಸುತ್ತದೆ. ಬಾಗಿಲು ಆಗ ಮುಚ್ಚಿತ್ತೋ ತೆರೆದಿತ್ತೋ ಎಂಬುದನ್ನು ಅದರ ಕೀಲಿನ ಸಂದು ಹೇಳುತ್ತದೆ. ಮುಚ್ಚಿದ್ದ ಬಾಗಿಲಿನ ಸಂದಿಗೆ ಮಸಿ ಅಷ್ಟಾಗಿ ತಾಗದು. ಈ ಸಾಕ್ಷಿಗಳಿಗೆ ಆಯುಸ್ಸು ಕಡಿಮೆ. ಮಾರನೆಯ ದಿನವೇ ಮನೆಯವರು ಬೂದಿ ಗುಡಿಸಿ, ಅಳಿದುಳಿದುದನ್ನು ಆರಿಸಿಕೊಂಡು, ಗೋಡೆಗೆ ನೀರು ಹೊಡೆದುಬಿಡುತ್ತಾರೆ. ಅವರನ್ನು ದೂರುವಂತಿಲ್ಲ. ಸ್ಥಳದಲ್ಲಿ ನಿಂತು ಆಗಲೇ ಗುರುತು ಹಾಕಿಕೊಳ್ಳದಿದ್ದರೆ ಮುಂದೆ ಯಾವ ಪಂಡಿತನೂ ಅದನ್ನು ಓದಲಾರ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ನನ್ನ ಸೋದರತ್ತೆಯಿಂದ. ಬೇರೊಂದು ಊರಿನಲ್ಲಿ ಅವರಿಗೆ ಬಟ್ಟೆ ಹೊಲಿಯುವ ಸಣ್ಣ ಅಂಗಡಿಯಿತ್ತು. ಸಾಲ ಮಾಡಿ ತಂದ ಎರಡು ಯಂತ್ರಗಳು. ಒಂದು ರಾತ್ರಿ ಅಂಗಡಿ ಸುಟ್ಟಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ವಿದ್ಯಾರಣ್ಯಪುರಂನ ನಮ್ಮ ಮನೆಗೆ ಬಂದು, "ಇದರಲ್ಲಿ ಏನು ಬರೆದವ್ರೆ ನೋಡಪ್ಪ" ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ಕಾರಣದ ಮುಂದೆ 'ಶಾರ್ಟ್ ಸರ್ಕ್ಯೂಟ್ ಇರಬಹುದು' ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಅತ್ತೆ ದಿನವೂ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚು ಇಳಿಸುವವರು. ಪಕ್ಕದ ಖಾಲಿ ನಿವೇಶನದಲ್ಲಿ ಸಂಜೆ ಯಾರೋ ಕಸಕ್ಕೆ ಬೆಂಕಿ ಹಚ್ಚಿದ್ದನ್ನು ಎದುರು ಮನೆಯವರು ಕಂಡಿದ್ದರು. ಅವರನ್ನು ಯಾರೂ ಕೇಳಲಿಲ್ಲ. ವಿಮೆಯವರು ವಿದ್ಯುತ್ ಕಚೇರಿಯ ಪತ್ರ ಬೇಕೆಂದರು. ವಿದ್ಯುತ್ ಕಚೇರಿಯವರು ತಂತಿಯಲ್ಲಿ ದೋಷವಿಲ್ಲವೆಂದು ಬರೆದುಕೊಟ್ಟರು. ಎರಡು ಕಾಗದಗಳಿಗೆ ತಾಳೆಯಾಗಲಿಲ್ಲ. ಹಣ ಕೈಸೇರಲು ಹದಿನಾಲ್ಕು ತಿಂಗಳು ಬೇಕಾಯಿತು. ಸಾಲದ ಬಡ್ಡಿ ಮಾತ್ರ ಅಷ್ಟು ದಿನ ಕಾಯಲಿಲ್ಲ. 'ಇರಬಹುದು' ಎಂಬ ಮಾತಿಗೂ ಬಡ್ಡಿಯುಂಟೆಂದು ನಾನು ಆಗ ತಿಳಿದೆ.

ಒಬ್ಬರ ನಷ್ಟದ ಮಾತು ಹಾಗಿರಲಿ. ಸಣ್ಣ ಬೆಂಕಿಯನ್ನು ಅಲಕ್ಷಿಸಿದರೆ ಏನಾದೀತೆಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣವೇ ಸಾಕ್ಷಿ. ೧೯೯೭ರ ಜೂನ್ ೧೩ರಂದು ಮಧ್ಯಾಹ್ನದ ಆಟದ ವೇಳೆ ನೆಲ ಅಂತಸ್ತಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿಯ ಹೊಗೆ ಬಾಲ್ಕನಿಯನ್ನು ತುಂಬಿ ೫೯ ಮಂದಿ ಸತ್ತರು. ಅದೇ ಟ್ರಾನ್ಸ್‌ಫಾರ್ಮರಿಗೆ ಅಂದೇ ಬೆಳಿಗ್ಗೆ ಒಮ್ಮೆ ಬೆಂಕಿ ಹತ್ತಿತ್ತು! ಅದನ್ನು ಆರಿಸಿ, ಅವಸರದಲ್ಲಿ ರಿಪೇರಿ ಮಾಡಿ, ಮತ್ತೆ ವಿದ್ಯುತ್ ಬಿಟ್ಟಿದ್ದರು. ಹೆಚ್ಚಿನ ಕುರ್ಚಿಗಳನ್ನು ಹಾಕಿ ಬಾಲ್ಕನಿಯ ಒಂದು ದಾರಿಯನ್ನು ಮುಚ್ಚಿದ್ದುದೂ ಸಾವುಗಳಿಗೆ ಕಾರಣವಾಯಿತೆಂದು ವಿಚಾರಣೆಯಲ್ಲಿ ಹೊರಬಿತ್ತು. ಕುರ್ಚಿಗಳನ್ನು ಎಣಿಸಿ, ದಾರಿಯನ್ನು ಅಳೆದು ಬರೆದುದರಿಂದಲೇ ಅದು ನ್ಯಾಯಾಲಯದ ಮುಂದೆ ನಿಂತಿತು.

ನಮ್ಮ ದೇಶದಲ್ಲಿ ಬೆಂಕಿಯಿಂದ ಸತ್ತವರ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ ಪ್ರಕಟಿಸುತ್ತದೆ. ಆ ಲೆಕ್ಕ ಪೊಲೀಸರಿಂದ ಬರುವುದು. ಯಾರೂ ಸಾಯದೆ ಆರಿಹೋದ ಬೆಂಕಿ, ಎಂದರೆ ಉಪಹಾರಿನ ಬೆಳಗಿನ ಬೆಂಕಿಯಂಥದು, ಅದರಲ್ಲಿ ಸೇರಬೇಕಾದುದಿಲ್ಲ. ಅದನ್ನು ಹಿಡಿದಿಡಬಲ್ಲವರು ಅಗ್ನಿಶಾಮಕ ದಳದವರೇ. ಅಮೆರಿಕದಲ್ಲಿ ೧೯೭೩ರಲ್ಲಿ ಒಂದು ಆಯೋಗ ಈ ಕೊರತೆಯನ್ನು ಎತ್ತಿ ತೋರಿಸಿದ ತರುವಾಯ, ಊರೂರಿನ ದಳಗಳ ವರದಿಗಳನ್ನು ಒಂದೇ ಮಾದರಿಯಲ್ಲಿ ಕೂಡಿಸುವ ಏರ್ಪಾಡು ಬೆಳೆಯಿತು. ಒಂದೇ ಬಗೆಯ ಒಲೆ ಹತ್ತು ಊರುಗಳಲ್ಲಿ ಸಿಡಿದರೆ, ಹತ್ತು ಠಾಣೆಗಳ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ತಾನೆ ಅದು ಕಾಣುವುದು?

ನಮ್ಮ ಬಡಾವಣೆಯ ಮಾತನ್ನೇ ತೆಗೆದುಕೊಳ್ಳೋಣ. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮಿನಲ್ಲಿ ಊರಿನ ಕಸ ಎಷ್ಟೋ ವರ್ಷಗಳಿಂದ ಬೆಟ್ಟದಂತೆ ಬಿದ್ದುದನ್ನು ಮೈಸೂರಿನವರೆಲ್ಲ ಬಲ್ಲರು. ಬೇಸಿಗೆಯಲ್ಲಿ ಆ ರಾಶಿಗೆ ಬೆಂಕಿ ಬಿದ್ದದ್ದು ಒಂದೆರಡು ಸಲವಲ್ಲ. ಕೊಳೆತ ಕಸದಿಂದ ಹುಟ್ಟುವ ಮೀಥೇನ್ ಅನಿಲ ಉರಿಯುವಂಥದು. ಮೇಲೆ ನೀರು ಹೊಡೆದರೂ ಒಳಗೆ ಕೆಂಡ ಹೊಗೆಯಾಡುತ್ತಿದ್ದು ಎರಡು ದಿನ ಬಿಟ್ಟು ಬೇರೊಂದು ಕಡೆ ತಲೆಯೆತ್ತಬಹುದು. 'ಕಸಕ್ಕೆ ಬೆಂಕಿ, ಆರಿಸಲಾಯಿತು' ಎಂಬ ಒಂದು ಸಾಲಿನಿಂದ ಅದು ಹೊಸ ಬೆಂಕಿಯೋ ಹಳೆಯ ಬೆಂಕಿಯ ಮುಂದುವರಿಕೆಯೋ ತಿಳಿಯುವುದು ಹೇಗೆ? ರಾಶಿಯ ಯಾವ ಮಗ್ಗುಲು, ಎಷ್ಟು ಆಳ, ಗಾಳಿ ಯಾವ ದಿಕ್ಕು, ಸುಟ್ಟದ್ದು ಪ್ಲಾಸ್ಟಿಕ್ಕೋ ಒಣ ಎಲೆಯೋ, ದಳದವರು ಬಂದದ್ದು ಎಷ್ಟು ಹೊತ್ತಿಗೆ, ನೀರು ಎಷ್ಟು ಟ್ಯಾಂಕರು ಖರ್ಚಾಯಿತು—ಇಷ್ಟನ್ನು ನಾಲ್ಕು ಬೇಸಿಗೆ ಬರೆದಿಟ್ಟರೆ, ಐದನೆಯ ಬೇಸಿಗೆಗೆ ಕಾವಲುಗಾರನನ್ನು ಎಲ್ಲಿ ನಿಲ್ಲಿಸಬೇಕು, ನೀರಿನ ಕೊಳವೆಯನ್ನು ಎಲ್ಲಿಗೆ ಎಳೆಯಬೇಕು ಎಂಬುದು ನಕ್ಷೆಯ ಮೇಲೆಯೇ ಕಂಡೀತು. ಇದಕ್ಕೆ ಹೊಸ ಯಂತ್ರ ಬೇಡ. ನಡುರಾತ್ರಿಯಲ್ಲಿ ದಣಿದು ಬಂದ ಸಿಬ್ಬಂದಿಗೆ ಬರೆಯಲು ಒಂದು ಗಂಟೆಯ ಬಿಡುವೂ, ಬರೆದುದನ್ನು ಮೇಲಿನವರು ಓದುತ್ತಾರೆಂಬ ನಂಬಿಕೆಯೂ ಬೇಕು. ೧೧೨ಕ್ಕೆ ಕರೆ ಮಾಡುವ ನಮ್ಮಂಥವರೂ ಬೆಂಕಿಯನ್ನು ಎಷ್ಟು ಗಂಟೆಗೆ, ಯಾವ ಮೂಲೆಯಲ್ಲಿ ಮೊದಲು ಕಂಡೆವೆಂದು ನೆನಪಿಟ್ಟುಕೊಂಡು, ವಾಹನ ಬಂದಾಗ ಹತ್ತಿರ ಹೋಗಿ ಹೇಳಿದರೆ ಅವರ ಕಾಗದದಲ್ಲಿ ಎರಡು ಸಾಲು ಹೆಚ್ಚು ತುಂಬುತ್ತದೆ.