ಸವಾಯ್ ಹೊಟೇಲು: ಇತಿಹಾಸವೂ ಪ್ರೇತಕಥೆಯೂ

ಹಿಮಾಲಯದ ಹೊರಸಾಲಿನ ಬೆಟ್ಟಗಳ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ, ಡೂನ್ ಕಣಿವೆಗೆ ಮುಖಮಾಡಿ ಹಬ್ಬಿಕೊಂಡಿರುವ ಮಸ್ಸೂರಿ ಪಟ್ಟಣವು ಸಿಮ್ಲೆಯಂತೆ ಸರ್ಕಾರದ ಬೇಸಗೆಯ ರಾಜಧಾನಿಯಾಗಿ ಬೆಳೆದುದಲ್ಲ. ಬಯಲುಸೀಮೆಯ ಧಗೆಯನ್ನು ತಾಳಲಾರದ ಆಂಗ್ಲ ಅಧಿಕಾರಿಗಳು, ಅವರ ಕುಟುಂಬದವರು, ದೇಶೀಯ ಸಂಸ್ಥಾನಗಳ ಅರಸರು, ಲಖನೌ ಅಲಹಾಬಾದುಗಳ ಸಿರಿವಂತ ವಕೀಲರು, ಇವರೆಲ್ಲರೂ ವರ್ಷಕ್ಕೆ ಕೆಲವು ತಿಂಗಳು ಬಂದು ತಂಗುತ್ತಿದ್ದ ವಿಹಾರಸ್ಥಾನವದು. ವೈಸರಾಯರ ಪರಿವಾರ ಇಲ್ಲದ ಊರಾದುದರಿಂದ ಶಿಷ್ಟಾಚಾರದ ಬಿಗಿಯೂ ಅಲ್ಲಿ ಅಷ್ಟಾಗಿ ಇರಲಿಲ್ಲ. 1900ರಲ್ಲಿ ರೈಲುದಾರಿ ಡೆಹರಾಡೂನನ್ನು ಮುಟ್ಟಿದ ಮೇಲೆ ಬರುವವರ ಸಂಖ್ಯೆ ಹೆಚ್ಚಿತು. ಅದರ ಬೆನ್ನಿಗೇ, 1902ರಲ್ಲಿ, ಲಖನೌದ ಬ್ಯಾರಿಸ್ಟರ್ ಸೆಸಿಲ್ ಲಿಂಕನ್ ಎಂಬವರು, ಮ್ಯಾಡಕ್ ಎಂಬ ಪಾದ್ರಿಯ ಶಾಲೆಯಿದ್ದ ವಿಶಾಲವಾದ ಜಾಗದಲ್ಲಿ ಕಟ್ಟಿಸಿದ ಸವಾಯ್ ಹೊಟೇಲು ಬಾಗಿಲು ತೆರೆಯಿತು.

ಮೊನಚಾದ ಕಮಾನುಗಳೂ ಮರದ ಜಗಲಿಗಳೂ ಇಳಿಜಾರು ಮಾಡುಗಳೂ ಉಳ್ಳ, ಇಂಗ್ಲೆಂಡಿನ ಗಾಥಿಕ್ ಶೈಲಿಯನ್ನು ಅನುಸರಿಸಿದ ಈ ಸೌಧವನ್ನು ಇಂದು ಮೋಟಾರಿನಲ್ಲಿ ಹೋಗಿ ನೋಡುವವರಿಗೆ, ಅದನ್ನು ಅಲ್ಲಿ ಎಬ್ಬಿಸಿ ನಿಲ್ಲಿಸಿದವರ ಶ್ರಮ ಎಷ್ಟೆಂಬುದು ಸುಲಭವಾಗಿ ಹೊಳೆಯದು. ರೈಲು ಡೆಹರಾಡೂನಿನಲ್ಲಿಯೇ ನಿಲ್ಲುತ್ತಿತ್ತು. ಅಲ್ಲಿಂದ ರಾಜಪುರದವರೆಗೆ ಸುಗಮವಾದ ದಾರಿ, ಆಮೇಲೆ ಕಡಿದಾದ ಏರು. ಅತಿಥಿಗಳು ಕುದುರೆಯೇರಿಯೋ, ಆಳುಗಳು ಹೆಗಲುಕೊಟ್ಟು ಹೊರುವ ಡಾಂಡಿಯಲ್ಲಿ ಕುಳಿತೋ ಮೇಲಕ್ಕೆ ಹೋಗುತ್ತಿದ್ದರು. ಪಿಯಾನೊಗಳು, ಬಿಲಿಯರ್ಡ್ಸ್ ಮೇಜುಗಳು, ಓಕ್ ಮರದ ಪೀಠೋಪಕರಣಗಳು, ಮದ್ಯದ ಪೀಪಾಯಿಗಳು, ಇವೆಲ್ಲವೂ ಎತ್ತಿನ ಗಾಡಿಗಳ ಮೇಲೆಯೂ ಕೂಲಿಗಳ ಬೆನ್ನಿನ ಮೇಲೆಯೂ ಆ ಏರನ್ನು ಹತ್ತಿದವು. ಹೊಟೇಲಿನ ವೈಭವವನ್ನು ವರ್ಣಿಸಿದವರು ಬಹುಮಂದಿ. ಹೊತ್ತವರ ಹೆಸರು ಒಂದಾದರೂ ಉಳಿದಿಲ್ಲವೆಂಬುದು ನನಗೆ ಸಂಕಟದ ಸಂಗತಿಯಾಗಿಯೇ ತೋರುತ್ತದೆ. 1905ರ ಏಪ್ರಿಲ್ 4ರಂದು ಕಾಂಗಡಾ ಪ್ರಾಂತವನ್ನು ಧ್ವಂಸಮಾಡಿದ ಭೂಕಂಪವು ಮಸ್ಸೂರಿಯನ್ನೂ ಅಲುಗಿಸಿತು. ಹೊಟೇಲು ಜಖಂಗೊಂಡು, ದುರಸ್ತಿಗಾಗಿ ಕೆಲಕಾಲ ಮುಚ್ಚಬೇಕಾಯಿತು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದ ಐದು ವರ್ಷಗಳಿಗೆ ಮಸ್ಸೂರಿಯ ಕೆಳಗಿನ ಗಲೋಗಿಯಲ್ಲಿಯೂ ಜಲವಿದ್ಯುತ್ ಕೇಂದ್ರವು ಸಿದ್ಧವಾಯಿತು. ಆ ಬೆಳಕು ಮನೆಮನೆಗೆ ಬರುವವರೆಗೆ ಬೆಟ್ಟದ ಮೇಲಿನ ಭೋಜನಶಾಲೆಗಳೂ ನೃತ್ಯಶಾಲೆಗಳೂ ಮೇಣದ ಬತ್ತಿ ಮತ್ತು ಎಣ್ಣೆದೀಪಗಳ ಬೆಳಕಿನಲ್ಲಿಯೇ ನಡೆದವು.

ಪ್ರೇತಕಥೆಯ ಮೂಲವು 1911ರ ಸೆಪ್ಟೆಂಬರಿನಲ್ಲಿದೆ. ಫ್ರಾನ್ಸಿಸ್ ಮೇರಿ ಗಾರ್ನೆಟ್ ಓರ್ಮ್ ಎಂಬ, 49 ವರ್ಷ ವಯಸ್ಸಿನ ಅವಿವಾಹಿತೆ ಆ ತಿಂಗಳು ಹೊಟೇಲಿನ ತಮ್ಮ ಕೊಠಡಿಯಲ್ಲಿ ಮೃತರಾಗಿ ಕಂಡುಬಂದರು. ಹಿಂದೆ ಪೊಲೀಸ್ ಅಧಿಕಾರಿಯೊಬ್ಬರೊಂದಿಗೆ ಅವರ ವಿವಾಹ ನಿಶ್ಚಯವಾಗಿ, ಲಗ್ನಕ್ಕೆ ಮುನ್ನವೇ ಆ ವರನು ತೀರಿಕೊಂಡಿದ್ದನು. ಅಗಲಿದವರೊಡನೆ ಸಂಭಾಷಿಸಬಹುದೆಂಬ ಆಶೆಯಿಂದ ಅವರು ಪ್ರೇತಾವಾಹನವಿದ್ಯೆಯತ್ತ ತಿರುಗಿದರು. 1848ರಲ್ಲಿ ಅಮೆರಿಕದ ಫಾಕ್ಸ್ ಸೋದರಿಯರಿಂದ ಪ್ರಚಾರಕ್ಕೆ ಬಂದ ಈ ಮತವು ಆ ವೇಳೆಗೆ ಯೂರೋಪಿನ ವಿದ್ಯಾವಂತರನ್ನೂ ಹಿಡಿದಿದ್ದಿತು. ಮೇಜಿನ ಸುತ್ತ ಕುಳಿತು ಟಕಟಕ ಸದ್ದನ್ನು ಆಲಿಸುವುದು, ಸ್ಫಟಿಕದ ಗೋಳದಲ್ಲಿ ದೃಷ್ಟಿಯಿಟ್ಟು ಭವಿಷ್ಯವನ್ನು ಕಾಣುವುದು ಮೊದಲಾದ ಆಚರಣೆಗಳು ಭಾರತದ ಆಂಗ್ಲರ ಮನೆಗಳಲ್ಲಿಯೂ ನಡೆಯುತ್ತಿದ್ದವು. ಓರ್ಮರೊಂದಿಗೆ ಹೊಟೇಲಿನಲ್ಲಿ ತಂಗಿದ್ದ ಗೆಳತಿ ಈವಾ ಮೌಂಟ್‌ಸ್ಟೀಫನ್ ಇಂಥ ವಿದ್ಯೆಯಲ್ಲಿ ಪರಿಣತರೆನಿಸಿದ್ದರು.

ಮರಣಕ್ಕೆ ಕಾರಣ ಪ್ರಸಿಕ್ ಆಮ್ಲವೆಂದು, ಎಂದರೆ ಹೈಡ್ರೋಜನ್ ಸಯನೈಡ್ ವಿಷವೆಂದು, ನಿರ್ಧಾರವಾಯಿತು. ರಕ್ತವು ತಂದೊಪ್ಪಿಸಿದ ಪ್ರಾಣವಾಯುವನ್ನು ದೇಹದ ಜೀವಕೋಶಗಳು ಬಳಸಿಕೊಳ್ಳದಂತೆ ತಡೆದು, ನಿಮಿಷಗಳಲ್ಲಿಯೇ ಕೊಲ್ಲಬಲ್ಲ ವಿಷವದು. ಕೊಠಡಿಯ ಬಾಗಿಲು ಒಳಗಿನಿಂದ ಭದ್ರವಾಗಿತ್ತೆಂದು ಹೇಳುತ್ತಾರೆ. ಗೆಳತಿಯಾದರೋ ಅಷ್ಟರಲ್ಲಿ ಲಖನೌಗೆ ಹಿಂದಿರುಗಿದ್ದರು. ಆದರೂ ಸಂಶಯ ಅವರ ಮೇಲೆಯೇ ನಿಂತು, ಅವರನ್ನು ಬಂಧಿಸಿ, ಅಲಹಾಬಾದಿನ ಉಚ್ಚ ನ್ಯಾಯಾಲಯದಲ್ಲಿ ಕೊಲೆಯ ವಿಚಾರಣೆ ನಡೆಸಲಾಯಿತು. ಅಪರಾಧ ಸಿದ್ಧವಾಗದೆ ಅವರು ಬಿಡುಗಡೆ ಹೊಂದಿದರು. ಓರ್ಮರ ಮರಣಶಾಸನದಿಂದ ತಮಗೆ ಬರಬೇಕಾದುದನ್ನು ಕೋರಿ ಅವರು ಮತ್ತೆ ನ್ಯಾಯಾಲಯವನ್ನು ಹೊಕ್ಕಾಗ, ಮೃತರ ಬಂಧುಗಳು ಅದನ್ನು ಎದುರಿಸಿದರು. ಸ್ಫಟಿಕ ನೋಟದ ಹೆಸರಿನಲ್ಲಿ ಮೃತರ ಮನಸ್ಸಿನ ಮೇಲೆ ಅನುಚಿತವಾದ ಪ್ರಭಾವವನ್ನು ಬೀರಲಾಗಿತ್ತೆಂಬ ಕಾರಣದಿಂದ ಆ ಕೋರಿಕೆ ನೆರವೇರಲಿಲ್ಲ. ಕೊಂದವರು ಯಾರು, ಕೊಲೆಯೇ ಹೌದೆ, ಎಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೆ ಉತ್ತರ ದೊರೆತಿಲ್ಲ.

ಉತ್ತರವಿಲ್ಲದ ಈ ಸ್ಥಳದಲ್ಲಿಯೇ ಐತಿಹ್ಯವು ಬೇರೂರಿತು. ಜನರು ಮೊದಲು ಮಾಡಿದ ಕೆಲಸವೆಂದರೆ ಆ ಸಾಮಾನ್ಯ ಮಹಿಳೆಗೆ ಲೇಡಿ ಎಂಬ ಬಿರುದನ್ನು ಕಟ್ಟಿದ್ದು. ಹೊಟೇಲಿನ ನೀಳವಾದ ಓಣಿಗಳಲ್ಲಿ ರಾತ್ರಿ ಅವರು ಸಂಚರಿಸುತ್ತಾರೆಂದೂ, ಒಂದೊಂದೇ ಬಾಗಿಲನ್ನು ತೆರೆದು ತಮಗೆ ವಿಷವುಣಿಸಿದವರನ್ನು ಅರಸುತ್ತಾರೆಂದೂ ಹೇಳುವುದುಂಟು. ಸಾಕ್ಷಿಯಾಗಿ ಹೇಳುವುದು ಬಹುಮಟ್ಟಿಗೆ ಸದ್ದುಗಳನ್ನು: ಹೆಜ್ಜೆಯ ಸಪ್ಪಳ, ತಾನಾಗಿ ಬಡಿದುಕೊಳ್ಳುವ ಕದ, ಪಿಸುಮಾತು. ಬೆಟ್ಟದ ಊರಿನ ಹಳೆಯ ಕಟ್ಟಡದ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಗಲಿನ ಬಿಸಿಲಿಗೆ ಹಿಗ್ಗಿದ ಮರದ ನೆಲವೂ ತೊಲೆಗಳೂ ರಾತ್ರಿಯ ಚಳಿಗೆ ಕುಗ್ಗುವಾಗ ಬಿರಿಯುವ ಸದ್ದು ನಡೆಯುವವರ ಹೆಜ್ಜೆಯಂತೆಯೇ ಕ್ರಮವಾಗಿ ಕೇಳಬರುವುದು; ಕಣಿವೆಯಿಂದೇರುವ ಗಾಳಿ ನೂರಾರು ಅಡಿ ಉದ್ದದ ಓಣಿಯೊಳಗೆ ನುಗ್ಗಿ ಸಡಿಲವಾದ ಅಗುಳಿಗಳನ್ನು ಅಲ್ಲಾಡಿಸುವುದು; ಮೇಲಾಗಿ ಚಳಿಗಾಲದಲ್ಲಿ ಪ್ರವಾಸಿಗಳಿಲ್ಲದೆ, ಮಂಜಿನಲ್ಲಿ ಮುಳುಗಿ, ಒಬ್ಬಿಬ್ಬರು ಕಾವಲುಗಾರರ ವಶದಲ್ಲಿ ತಿಂಗಳುಗಟ್ಟಲೆ ಬರಿದಾಗಿ ನಿಲ್ಲುವ ಮನೆ. ಅಂಥ ಕಾವಲುಗಾರನ ಕಿವಿಗೆ ಬಿದ್ದುದು ಬೇಸಗೆಯಲ್ಲಿ ಬಂದ ಅತಿಥಿಯ ಕಿವಿಗೆ ಕಥೆಯಾಗಿ ಸೇರುವುದು ಸಹಜವೇ ಸರಿ.

ಐತಿಹ್ಯಕ್ಕೆ ಸಾಹಿತ್ಯದ ನಂಟು ಕೂಡಿಕೊಂಡುದು ಇನ್ನೂ ಕುತೂಹಲಕರ. ಮಸ್ಸೂರಿಯ ಈ ಮರಣವನ್ನು ಕುರಿತು ರಡ್ಯರ್ಡ್ ಕಿಪ್ಲಿಂಗರು ಆರ್ಥರ್ ಕಾನನ್ ಡಾಯ್ಲ್‌ರಿಗೆ ಪತ್ರ ಬರೆದು ತಿಳಿಸಿದ್ದರು. ಡಾಯ್ಲ್‌ರು ಪತ್ತೇದಾರಿ ಕಥೆಗಳ ಕರ್ತರಷ್ಟೇ ಅಲ್ಲದೆ ಪ್ರೇತವಿದ್ಯೆಯಲ್ಲಿ ಗಾಢವಾದ ಆಸಕ್ತಿಯುಳ್ಳವರೂ ಆಗಿದ್ದುದರಿಂದ, ಇದಕ್ಕಿಂತ ತಕ್ಕ ವಸ್ತು ಅವರಿಗೆ ದೊರೆಯಲಾರದಾಗಿತ್ತು. ಆದರೂ ಅವರು ಅದನ್ನು ಕಥೆಯಾಗಿಸಲಿಲ್ಲ. 1920ರಲ್ಲಿ ಪ್ರಕಟವಾದ ಅಗಾಥಾ ಕ್ರಿಸ್ಟಿಯವರ ಮೊದಲ ಕಾದಂಬರಿ, ಸ್ಟೈಲ್ಸ್ ಮನೆಯ ನಿಗೂಢ ಮರಣದ ಕಥೆ, ಇದೇ ಘಟನೆಯಿಂದ ಹುಟ್ಟಿತೆಂದು ಪ್ರವಾಸಿ ಮಾರ್ಗದರ್ಶಿಗಳು ನಿಶ್ಚಯವಾಗಿ ಹೇಳುತ್ತಾರೆ. ನಾನು ಇದನ್ನು ಒಪ್ಪಲು ಹಿಂಜರಿಯುತ್ತೇನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಿಯವರು ಟಾರ್ಕಿ ಪಟ್ಟಣದ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸಮಾಡುತ್ತಿದ್ದಾಗ, ಕಪಾಟುಗಳಲ್ಲಿ ಸುತ್ತಲೂ ವಿಷಗಳಿರುವುದನ್ನು ಕಂಡು ವಿಷಪ್ರಯೋಗದ ಕಥೆಯನ್ನು ಯೋಚಿಸಿದುದಾಗಿ ತಾವೇ ಹೇಳಿಕೊಂಡಿದ್ದಾರೆ. ವಿಷವಾದರೂ ಒಂದೇ ಅಲ್ಲ. ಕಾದಂಬರಿಯಲ್ಲಿರುವುದು ಸ್ಟ್ರಿಕ್ನಿನ್, ನಮ್ಮ ಕಾಡುಗಳಲ್ಲಿಯೂ ಬೆಳೆಯುವ ಕಾಸರಕದ ಬೀಜದಿಂದ ದೊರೆಯುವ, ಸ್ನಾಯುಗಳನ್ನು ಸೆಳೆದು ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಕೊಲ್ಲುವ ಕಹಿ ವಿಷ. ಎರಡು ಕಥೆಗಳನ್ನೂ ಬೆರೆಸಿದ ಜನರು ಈಗ ಓರ್ಮರಿಗೂ ಸ್ಟ್ರಿಕ್ನಿನ್ನನ್ನೇ ಕುಡಿಸುತ್ತಾರೆ. ನಿಜ ಘಟನೆಯಿಂದ ಕಾದಂಬರಿ ಹುಟ್ಟಿತೋ ಇಲ್ಲವೋ, ಕಾದಂಬರಿಯು ನಿಜ ಘಟನೆಯನ್ನು ತಿದ್ದಿರುವುದಂತೂ ಸ್ಪಷ್ಟ.

ಹೊಟೇಲಿನ ಉಳಿದ ಕಥೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1920ರ ದಶಕದಲ್ಲಿ ಬಂದಿದ್ದ ಅಮೆರಿಕದ ಪ್ರವಾಸಿ ಲೇಖಕ ಲೋವೆಲ್ ಥಾಮಸರು, ಬೆಳಗಾಗುವ ಮೊದಲೇ ಗಂಟೆ ಬಾರಿಸಿ, ಪರರ ಕೊಠಡಿಯಲ್ಲಿದ್ದವರು ತಂತಮ್ಮ ಕೊಠಡಿಗೆ ಮರಳುವಂತೆ ಎಚ್ಚರಿಸುವ ಹೊಟೇಲೊಂದು ಮಸ್ಸೂರಿಯಲ್ಲಿದೆಯೆಂದು ಬರೆದರು. ಆ ಗಂಟೆ ಸವಾಯ್‌ದೇ ಎಂಬ ಪ್ರಸಿದ್ಧಿಯಿದೆ. ಕನ್ನಡಿಗರಿಗೆ ಪರಿಚಿತವಾಗಿರಬಹುದಾದ ನೆರೆಯ ಹೊಟೇಲು ಇನ್ನೊಂದು: ಸವಾಯ್‌ಗೆ ಸರಿಜೋಡಿಯಾಗಿದ್ದ ಶಾರ್ಲೆವಿಲ್ 1959ರಲ್ಲಿ ಸರ್ಕಾರದ ಆಡಳಿತ ಅಕಾಡೆಮಿಯಾಯಿತು. ನಮ್ಮ ನಾಡಿನ ಐ.ಎ.ಎಸ್. ಅಧಿಕಾರಿಗಳು ತಲೆಮಾರುಗಳಿಂದ ತರಬೇತಿ ಪಡೆಯುತ್ತಿರುವುದು ಅಲ್ಲಿಯೇ.

ಪ್ರೇತಕಥೆಯ ಮರೆಗೆ ಸರಿದಿರುವ, ಆದರೆ ಅದಕ್ಕಿಂತ ಎಷ್ಟೋ ಪಾಲು ಹಿರಿದಾದ ಪ್ರಸಂಗವೊಂದು ಇದೇ ಹೊಟೇಲಿನಲ್ಲಿ 1920ರಲ್ಲಿ ನಡೆಯಿತು. ಹಿಂದಿನ ವರ್ಷದ ಅಫ್ಘಾನ್ ಯುದ್ಧ ಮುಗಿದು, ಮಹಮೂದ್ ತರ್ಜಿಯವರ ನಾಯಕತ್ವದ ಅಫ್ಘಾನ್ ನಿಯೋಗವೊಂದು ಬ್ರಿಟಿಷರೊಂದಿಗೆ ಮಾತುಕತೆಗಾಗಿ ಮಸ್ಸೂರಿಗೆ ಬಂದು ಸವಾಯ್‌ನಲ್ಲಿ ಇಳಿದಿತ್ತು. ಅಸ್ವಸ್ಥರಾಗಿದ್ದ ತಾಯಿ ಮತ್ತು ಪತ್ನಿಯರನ್ನು ಕರೆದುಕೊಂಡು ಜವಾಹರಲಾಲ್ ನೆಹರೂ ಅದೇ ಹೊಟೇಲಿನಲ್ಲಿ ತಂಗಿದ್ದರು. ಆಗಿನ್ನೂ ಅವರಿಗೆ ಮೂವತ್ತು ವರ್ಷ. ಅಫ್ಘಾನರೊಡನೆ ಅವರು ಮಾತೂ ಆಡಿರಲಿಲ್ಲ. ಒಂದು ಸಂಜೆ ಪೊಲೀಸ್ ಅಧಿಕಾರಿಯೊಬ್ಬರು ಬಂದು, ನಿಯೋಗದವರ ಸಂಪರ್ಕ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕೆಂದರು. ಸಂಪರ್ಕ ಮಾಡುವ ಉದ್ದೇಶ ಇಲ್ಲದಿದ್ದರೂ ಮುಚ್ಚಳಿಕೆ ಬರೆಯುವುದು ಆತ್ಮಗೌರವಕ್ಕೆ ಒಪ್ಪದೆಂದು ನೆಹರೂ ನಿರಾಕರಿಸಿದರು. 24 ಗಂಟೆಗಳೊಳಗೆ ಡೆಹರಾಡೂನ್ ಜಿಲ್ಲೆಯನ್ನು ಬಿಟ್ಟು ಹೋಗಬೇಕೆಂಬ ಆಜ್ಞೆಯಾಯಿತು. ರೋಗಿಗಳನ್ನು ಅಲ್ಲಿಯೇ ಬಿಟ್ಟು ಅವರು ಅಲಹಾಬಾದಿಗೆ ಮರಳಿದರು. ಕೆಲವು ದಿನಗಳ ಮೇಲೆ ಆಜ್ಞೆ ರದ್ದಾಗಿ, ತಂದೆಯೊಡನೆ ಹೊಟೇಲಿಗೆ ಹಿಂದಿರುಗಿದಾಗ ಅಂಗಳದಲ್ಲಿ ಅವರ ಕಣ್ಣಿಗೆ ಮೊದಲು ಬಿದ್ದುದು, ತಮ್ಮ ಪುಟ್ಟ ಮಗಳನ್ನು, ಮುಂದೆ ದೇಶದ ಪ್ರಧಾನಿಯಾದ ಇಂದಿರೆಯನ್ನು, ಎತ್ತಿಕೊಂಡು ನಿಂತಿದ್ದ ಅಫ್ಘಾನ್ ಮಂತ್ರಿ! ಗಡೀಪಾರಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮನನೊಂದ ಆ ನಿಯೋಗದ ಮುಖ್ಯಸ್ಥರು, ನೆಹರೂ ಅವರ ತಾಯಿಗೆ ದಿನವೂ ಹಣ್ಣುಹೂಗಳ ಬುಟ್ಟಿಯನ್ನು ಕಳುಹಿಸತೊಡಗಿದ್ದರು.

ಸರ್ಕಾರವು ಆಗಗೊಡಬಾರದೆಂದು ಬಯಸಿದ ಪರಿಚಯ ಸರ್ಕಾರದ ಆಜ್ಞೆಯಿಂದಲೇ ಆಯಿತು. ಅದಕ್ಕೂ ಮಿಗಿಲಾದ ಫಲ ಇನ್ನೊಂದಿದೆ. ಮಸ್ಸೂರಿಯಿಂದ ಹೊರಬಿದ್ದು ಅಲಹಾಬಾದಿನಲ್ಲಿದ್ದ ಆ ದಿನಗಳಲ್ಲಿ, ಪ್ರತಾಪಗಢ ಜಿಲ್ಲೆಯಿಂದ ಕಾಲ್ನಡಿಗೆಯಲ್ಲಿ ಬಂದಿದ್ದ ರೈತರು ತಮ್ಮ ಹಳ್ಳಿಗಳಿಗೆ ಬಂದು ಜಮೀನ್ದಾರರಾದ ತಾಲ್ಲೂಕುದಾರರ ದಬ್ಬಾಳಿಕೆಯನ್ನು ಕಣ್ಣಾರೆ ನೋಡಬೇಕೆಂದು ನೆಹರೂರನ್ನು ಕರೆದರು. ಅವರು ಹೋದರು, ಭಾರತದ ಬಡ ರೈತನನ್ನು ಅಷ್ಟು ಹತ್ತಿರದಿಂದ ನೋಡಿದುದು ಅದೇ ಮೊದಲು.

ಕೈಗಳು ಬದಲಾಗಿ, ಬಹುಕಾಲ ಜೀರ್ಣಾವಸ್ಥೆಯಲ್ಲಿದ್ದು, ನವೀಕರಣಗೊಂಡು ಈ ಶತಮಾನದಲ್ಲಿ ಮತ್ತೆ ತೆರೆದಿರುವ ಸವಾಯ್‌ಗೆ ಇಂದು ಹೋಗುವವರು ಓರ್ಮರ ಕೊಠಡಿ ಯಾವುದೆಂದು ತಪ್ಪದೆ ಕೇಳುತ್ತಾರೆ. ನ್ಯಾಯ ದೊರೆಯದೆ ಸತ್ತ ಹೆಂಗಸೊಬ್ಬರ ಸ್ಮರಣೆ ಆ ಮೂಲಕವಾದರೂ ಉಳಿದಿರುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಹೊರಡುವ ಮುನ್ನ ಓದುಗರು ನೆಹರೂ ಅವರ ಆತ್ಮಕಥೆಯಲ್ಲಿ ಈ ಗಡೀಪಾರನ್ನು ವರ್ಣಿಸುವ ಪುಟಗಳನ್ನು ಓದಿಕೊಂಡು ಹೋಗಬೇಕೆಂದೂ, ಅಲ್ಲಿಯ ಅಂಗಳವನ್ನೂ ಕೇಳಿ ನೋಡಿಕೊಂಡು ಬರಬೇಕೆಂದೂ ನನ್ನ ಪ್ರಾರ್ಥನೆ.